ಒಬ್ಬರಿಗಾಗುವಷ್ಟು ತಂಪು

ಕೂಲರಿನ ತಳಕ್ಕೆ ಬೆರಳು ಒತ್ತಿದರೆ ಅದು ಸೀದಾ ಆಚೆ ಹೋಯಿತು. ಮಂದಾ ಬೆರಳನ್ನು ಹಿಂದಕ್ಕೆಳೆದುಕೊಳ್ಳದೆ ಹಾಗೇ ಕೂತಳು. ತುಕ್ಕು ತಿಂದ ತಗಡು ಹಪ್ಪಳದಂತೆ ಮುರಿದು ಅಂಗಳದ ಫರಸಿಕಲ್ಲಿನ ಮೇಲೆ ಕೆಂಪು ಪುಡಿ ಉದುರಿತ್ತು. ಈಗಷ್ಟೆ ಸುರಿದ ನೀರು ಆ ಪುಡಿಯನ್ನು ಕಲಸಿಕೊಂಡು ಗಟಾರದ ಕಡೆ ಹರಿಯುತ್ತಿತ್ತು. ಹೋಳಿಯ ಬಣ್ಣ ಓಣಿಯ ಗೋಡೆಗಳಿಂದ ಇನ್ನೂ ಹೋಗಿರಲಿಲ್ಲ. ಆದರೂ ಮನೆಮನೆಯ ಕೂಲರುಗಳು ಪ್ಲಾಸ್ಟಿಕ್ಕಿನ ಮುಸುಕು ಕಳಚಿ ಬಿಸಿಲಿಗೆ ಬಂದಿದ್ದವು. ಎಲ್ಲೋ ಯಾರೋ ಹೊಸ ಲಾವಂಚದ ಚಾಪೆ ತೋಯಿಸಿರಬೇಕು. ಆ ವಾಸನೆ ಮೂಗಿಗೆ ತಾಗಿದ್ದೇ ಮಂದಾ ಪ್ರತಿ ವರ್ಷದಂತೆ ಕಣ್ಣು ಮುಚ್ಚಿ ಅದನ್ನು ಆಳವಾಗಿ ಎಳೆದುಕೊಂಡಳು. ಆಗ ಆಗುವುದನ್ನು ಸಂತೋಷ ಎಂದು ಕರೆಯಲು ಅವಳಿಗೆ ಯಾವತ್ತೂ ಧೈರ್ಯವಾಗಿರಲಿಲ್ಲ. ನಾಗಪುರದಲ್ಲಿ ಹುಟ್ಟಿ ಬೆಳೆದ ಯಾರಾದರೂ ಬೇಸಿಗೆ ಬಂತೆಂದು ಸಂತೋಷಪಡುವುದುಂಟೇ?

"ತೂತು ಬಿದ್ದದ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಮುದ ಕೇಳಿದಳು. ಮಂದಾಳ ಅಣ್ಣನ ಹೆಂಡತಿ. ಅಣ್ಣ ಹೋದಮೇಲೆ ಈ ಮನೆಯಲ್ಲಿ ಉಳಿದವರು ಇವರಿಬ್ಬರೇ.

"ಸಣ್ಣದು. ಡಾಂಬರ ಹಚ್ಚಿದ್ರ ನಿಲ್ತದ, ವೈನಿ."

"ಹೋದ ವರ್ಷನೂ ಡಾಂಬರ ಹಚ್ಚಿದ್ದಿ. ಅದರ ಹಿಂದಿನ ವರ್ಷನೂ ಹಚ್ಚಿದ್ದಿ. ಈಗ ಅದರಾಗ ತಗಡಕ್ಕಿಂತ ಡಾಂಬರನ ಭಾಳ ಅದ." ಕುಮುದ ಸೆರಗಿನಿಂದ ಕೈ ಒರೆಸಿಕೊಂಡಳು. "ಸಾಕು ಬಿಡು, ಮಂದಾ. ಈ ಸಲ ಎಸಿನ ತರೂಣು. ನನ್ನ ಖೋಲಿಗೆ."

ಕಡೆಯ ಎರಡು ಪದಗಳನ್ನು ಅವಳು ಬೇರೆಯಾಗಿಯೇನೂ ಹೇಳಲಿಲ್ಲ. ಉಪ್ಪು ಮುಗಿದಿದೆ ಎನ್ನುವಷ್ಟೇ ಸಹಜವಾಗಿ ಹೇಳಿ ಒಳಗೆ ಹೋದಳು. ಮಂದಾ ಬೆರಳನ್ನು ಈಚೆಗೆ ತೆಗೆದು ನೋಡಿದಳು. ಉಗುರಿನ ಸಂದಿಯಲ್ಲಿ ಕಾವಿಬಣ್ಣ ಕೂತಿತ್ತು. ಇದು ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ತಾನು ಮಕ್ಕಳಿಗೆ ಮಣ್ಣು ಬಿಡಿಸಲು ಕಲಿಸುವಾಗ ಬಳಸುವ ಬಣ್ಣ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎದೆಗೆ ಒಂದು ಮಾತು ಬಡಿದಾಗಲೆಲ್ಲ ಅವಳ ಮನಸ್ಸು ಹೀಗೇ ಬಣ್ಣಗಳ ಹಿಂದೆ ಓಡಿ ಅಡಗಿಕೊಳ್ಳುತ್ತಿತ್ತು.

ಆ ಮನೆಯಲ್ಲಿ ಎರಡು ಖೋಲಿ, ಒಂದು ಪಡಸಾಲೆ. ಚಳಿಗಾಲದಲ್ಲಿ, ಮಳೆಗಾಲದಲ್ಲಿ ಕುಮುದಳದು ಒಂದು ಬಾಗಿಲು, ಮಂದಾಳದು ಇನ್ನೊಂದು. ಊಟವಾದ ಮೇಲೆ ಎರಡೂ ಮುಚ್ಚಿಕೊಳ್ಳುತ್ತಿದ್ದವು. ಬೇಸಿಗೆ ಬಂದಾಗ ಮಾತ್ರ, ಕೂಲರು ಇರುವುದೊಂದೇ ಆದ್ದರಿಂದ, ಪಡಸಾಲೆಯ ಕಿಟಕಿಯ ಮುಂದೆ ಎರಡು ಗಾದಿಗಳು ಅಕ್ಕಪಕ್ಕ ಬೀಳುತ್ತಿದ್ದವು. ನಡುವೆ ಒಂದು ಗೇಣು ಜಾಗ. ಕೂಲರಿನ ಭರ್ರೆನ್ನುವ ಸಪ್ಪಳದಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ಮಂದಾ ಎಡಮಗ್ಗುಲಾಗಿ ಮಲಗಿದರೆ ಕುಮುದಳ ಬೆನ್ನು ಕಾಣುತ್ತಿತ್ತು: ಸಡಿಲಾದ ಹೆರಳು, ಕುಪ್ಪಸದ ಅಂಚಿನಲ್ಲಿ ಬೆವರುಸಾಲೆಯ ಕೆಂಪು, ಉಸಿರಿನೊಂದಿಗೆ ಏರಿಳಿಯುವ ಪಕ್ಕೆ. ಆ ಬೆನ್ನನ್ನು ನೋಡುತ್ತ ಅವಳಿಗೆ ನಿದ್ದೆ ಬರುತ್ತಿತ್ತು. ವರ್ಷದ ಉಳಿದ ತಿಂಗಳುಗಳಲ್ಲಿ ಬಾರದ, ತಳ ಮುಟ್ಟುವಂಥ ನಿದ್ದೆ. ಅಣ್ಣ ಇದ್ದಾಗ ಆ ಜಾಗ ಅಣ್ಣನದು. ಗಂಡಹೆಂಡಿರು ಕೂಲರಿನ ಮುಂದೆ ಮಲಗುತ್ತಿದ್ದರು. ಇವಳು ತನ್ನ ಖೋಲಿಯ ಬಾಗಿಲನ್ನು ಅರ್ಧ ತೆರೆದಿಟ್ಟುಕೊಂಡು, ಬಾಗಿಲಿನ ಕಡೆ ಕಾಲು ಮಾಡಿ ಮಲಗಿದರೆ ಪಾದಗಳಿಗಷ್ಟೇ ತಂಪು ತಾಗುತ್ತಿತ್ತು. ಆಗಾಗ ಅಣ್ಣ ಎದ್ದು ಆ ಅರ್ಧ ಬಾಗಿಲನ್ನೂ ಮುಚ್ಚಿಬಿಡುತ್ತಿದ್ದ. ಅಣ್ಣ ತೀರಿಕೊಂಡ ಮುಂದಿನ ಬೇಸಿಗೆಯಲ್ಲಿ ಕುಮುದ ತಾನಾಗಿಯೇ, "ನೀ ಯಾಕ ಒಳಗ ಕುದಕೋತ ಮಲಗ್ತಿ, ಇಲ್ಲೆ ಬಾ" ಎಂದು ಕರೆದಿದ್ದಳು. ಮಂದಾ ಆ ರಾತ್ರಿಯೇ ಗಾದಿ ಹೊತ್ತು ತಂದಿದ್ದಳು. ಅಣ್ಣನ ಫೋಟೋಕ್ಕೆ ಹಾಕಿದ ಹಾರ ಇನ್ನೂ ಹೊಸದಾಗಿತ್ತು. ಅದರ ಕೆಳಗೇ ಅವನ ಜಾಗದಲ್ಲಿ ಹಾಸಿಕೊಂಡು ಮಲಗಿ, ಬೆಳಗಿನವರೆಗೆ ಎಚ್ಚರಾಗದೆ ನಿದ್ದೆ ಮಾಡಿದ್ದಳು. ಆ ನಿದ್ದೆಯ ಸುಖವನ್ನು ಅವಳು ಇವತ್ತಿಗೂ ಯಾರಿಗೂ ತಿಳಿಯದಂತೆ, ಕದ್ದ ಒಡವೆಯಂತೆ ಅಡಗಿಸಿಟ್ಟುಕೊಂಡಿದ್ದಳು.

ಅವಲಕ್ಕಿ ಪೋಹೆಯ ತಟ್ಟೆಯ ಮುಂದೆ ಕೂತು ಅವಳು ಕಾರಣಗಳನ್ನು ಒಂದೊಂದಾಗಿ ಹೊರತೆಗೆದಳು. ಎಸಿಯ ಗಾಳಿ ಒಣ ಗಾಳಿ, ಗಂಟಲು ಕಟ್ಟುತ್ತದೆ. ಕಿಟಕಿ ಮುಚ್ಚಿಕೊಂಡು ಕೂತರೆ ಹೊಸ ಗಾಳಿ ಎಲ್ಲಿಂದ ಬರಬೇಕು? ಕರೆಂಟು ಹೋದರೆ ಖೋಲಿ ಗೂಡಾಗುತ್ತದೆ. ನಿಮ್ಮ ಮಂಡಿನೋವಿಗೆ ತಂಪು ಆಗಿಬರುವುದಿಲ್ಲ. ಹೇಳಹೇಳುತ್ತ ತನ್ನ ಧ್ವನಿ ಶಿಕ್ಷಕಿಯ ಧ್ವನಿಯಾಗುತ್ತಿದೆ ಎಂದು ಅವಳಿಗೇ ಗೊತ್ತಾಯಿತು. ಕುಮುದ ಎಲ್ಲವನ್ನೂ ಕೇಳಿಸಿಕೊಂಡು ಪೋಹೆಗೆ ಕಡಲೆಯ ಖಾರದ ಸಾರು, ತರ್ರಿ, ಹಾಕಿಕೊಂಡಳು.

"ನಿನ್ನ ಮಂಡಿ ಅಲ್ಲಲ್ಲ, ನನ್ನ ಮಂಡಿ," ಎಂದಳು. "ಉಂಡು ಏಳು. ಬಿಸಲೇರೂದರಾಗ ಹೋಗಿ ಬರೂಣು."

ಸೀತಾಬರ್ಡಿ ಪೇಟೆಯ ಒಂದು ಎಸಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ತಂಪು ಮೈಗೆ ಅಂಟಿಕೊಂಡಿತು. ಗೋಡೆಯ ತುಂಬ ಬಿಳಿಯ ಉದ್ದನೆಯ ಪೆಟ್ಟಿಗೆಗಳು, ಎಲ್ಲವೂ ಒಂದೇ ಥರ. ಬಾಯಿ ಮುಚ್ಚಿಕೊಂಡ ಮುಖಗಳಂತೆ ಕಾಣುತ್ತಿದ್ದವು. ಸದ್ದೇ ಇರಲಿಲ್ಲ. ಇಷ್ಟು ತಂಪು ಇಷ್ಟು ಸದ್ದಿಲ್ಲದೆ ಬರುವುದರಲ್ಲಿ ಏನೋ ಮೋಸವಿದೆ ಎಂದು ಮಂದಾಳಿಗೆ ಅನಿಸಿತು. ಕೂಲರುಗಳನ್ನು ಹಿಂದಿನ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಬಡ ನೆಂಟರನ್ನು ಕೂರಿಸಿದಂತೆ ಕೂರಿಸಿದ್ದರು. ಲಾಂಜೇವಾರ ಎಂಬ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡ, ಮಧ್ಯವಯಸ್ಸಿನ, ಕೂದಲಿಗೆ ಬಣ್ಣ ಹಚ್ಚಿದ ಮಾರಾಟದವನು ನಗುತ್ತ ಬಂದ.

"ಬರ್ರಿ ಕಾಕೂ, ಬರ್ರಿ. ಸಾಹೇಬ್ರು ಗಾಡಿ ಹಚ್ಚಿ ಬರ್ತಾರೇನು?"

"ಸಾಹೇಬ್ರು ಬರೂದಿಲ್ಲ. ಅವರು ತಣ್ಣಗ ಇದ್ದಾರ," ಎಂದಳು ಕುಮುದ. ಲಾಂಜೇವಾರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವನು ನಗಬೇಕೋ ಬೇಡವೋ ತಿಳಿಯದೆ ಕೈ ಮುಗಿದುಬಿಟ್ಟ. ಮಂದಾ ತಲೆ ತಗ್ಗಿಸಿದಳು. ಅಣ್ಣನ ಬಗ್ಗೆ ವೈನಿ ಹೀಗೆ ಹಗುರವಾಗಿ ಮಾತಾಡಿದಾಗಲೆಲ್ಲ, ಅಣ್ಣನ ಪರವಾಗಿ ನೋಯಬೇಕಾದದ್ದು ತನ್ನ ಕರ್ತವ್ಯ ಎಂಬಂತೆ ಅವಳು ನೋಯುತ್ತಿದ್ದಳು. ಆ ನೋವು ನಿಜವಾದದ್ದೇ ಎಂಬ ಖಾತ್ರಿ ಅವಳಿಗಿರಲಿಲ್ಲ.

"ಇವ್ರು ನಿಮ್ಮ ತಂಗ್ಯಾರೇನು?"

"ನಾದಿನಿ."

"ಹಾಂ, ನಾದಿನಿ," ಎಂದು ಅವನು ಮಂದಾಳ ಕೊರಳು ನೋಡಿದ. ಅಲ್ಲಿ ತಾಳಿ ಇರಲಿಲ್ಲ. ಹಣೆಯ ಮೇಲೆ ಕುಂಕುಮವಿತ್ತು. ಅವನ ಕಣ್ಣು ಆ ಎರಡರ ನಡುವೆ ಒಮ್ಮೆ ಓಡಾಡಿ ಲೆಕ್ಕ ಮುಗಿಸಿತು. ಅವಳಿಗೆ ಇದು ಹೊಸದಲ್ಲ. ಮದುವೆಮನೆಗಳಲ್ಲಿ, ರೇಶನ್ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಡೆ ಕಣ್ಣುಗಳು ಇದೇ ದಾರಿಯಲ್ಲಿ ಓಡಾಡುತ್ತಿದ್ದವು. ಆದರೂ ಪ್ರತಿಸಲ ಅವಳ ಕೈ ತಾನಾಗಿ ಸೆರಗನ್ನು ಕೊರಳಿಗೆ ಎಳೆದುಕೊಳ್ಳುತ್ತಿತ್ತು.

ಲಾಂಜೇವಾರ ವಿಚಾರಣೆ ಶುರುಮಾಡಿದ. ಖೋಲಿ ಎಷ್ಟು ದೊಡ್ಡದು? ಮೇಲೆ ಇನ್ನೊಂದು ಮಾಳಿಗೆಯೋ, ಬರೀ ಗಚ್ಚಿಯೋ? ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ಕುಮುದ ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಅಂದರೆ ಇದನ್ನೆಲ್ಲ ಅವಳು ಮೊದಲೇ ಯೋಚಿಸಿದ್ದಾಳೆ. ಇವತ್ತು ಬೆಳಿಗ್ಗೆ ತೂತು ಬಿದ್ದಮೇಲಲ್ಲ; ಎಷ್ಟೋ ಹಿಂದೆಯೇ, ಬೆನ್ನು ತಿರುಗಿಸಿ ಮಲಗಿದಾಗ, ಮಂದಾ ಆ ಬೆನ್ನನ್ನು ನೋಡುತ್ತ ಮಲಗಿರುವಾಗ.

"ಖೋಲ್ಯಾಗ ಎಷ್ಟು ಮಂದಿ ಮಲಗ್ತೀರಿ?" ಎಂದು ಅವನು ಕೇಳಿದ.

"ಇಬ್ಬರು," ಎಂದಳು ಮಂದಾ.

"ಒಬ್ಬಾಕಿ," ಎಂದಳು ಕುಮುದ.

ಎರಡೂ ಒಟ್ಟಿಗೇ ಬಂದವು. ಲಾಂಜೇವಾರ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿ ನಕ್ಕ. "ಏನ್ರೀ ಕಾಕೂ, ಮೊದಲ ಮನ್ಯಾಗ ಠರಾವ್ ಪಾಸ್ ಮಾಡ್ಕೊಂಡು ಬರ್ರಿ. ಒಬ್ರಿಗೆ ಸಣ್ಣ ಮಷೀನ್ ಸಾಕು, ಇಬ್ರು ಅಂದ್ರ ದೊಡ್ಡದು ಬೇಕಾಗ್ತದ. ಮನಶಾರ ಮೈಯಾಗೂ ಉರಿ ಇರ್ತದಲ್ಲ, ಅದನ್ನೂ ಹೊರಗ ಹಾಕಬೇಕಲ್ಲ ಅದು." ಪಕ್ಕದಲ್ಲಿ ಫ್ರಿಜ್ಜು ನೋಡುತ್ತಿದ್ದ ಯಾರೋ ಗಂಡಹೆಂಡತಿ ಈ ಕಡೆ ತಿರುಗಿದರು. ಮಂದಾಳ ಕಿವಿಯೊಳಗೆ ರಕ್ತ ಧುಮುಗುಟ್ಟಿತು. ಐವತ್ತರ ಹತ್ತಿರದ ಹೆಂಗಸು, ಯಾರೂ ಕರೆಯದ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಂತೆ ಆಗಿತ್ತು. ಏನಾದರೂ ಹೇಳಬೇಕೆಂದು, "ಕೂಲರ್ ನೋಡ್ತೀನಿ," ಎಂದು ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ ಒಂದು ಪ್ಲಾಸ್ಟಿಕ್ ಕೂಲರಿನ ಜಾಲರಿಯೊಳಗೆ ಇಣುಕುತ್ತ ನಿಂತಳು. ಒಳಗೆ ಏನೂ ಕಾಣಲಿಲ್ಲ.

ಭುಜದ ಮೇಲೆ ಕೈ ಬಿತ್ತು. "ಬಾ, ಉಸಿನ ರಸ ಕುಡಿಯೂಣು. ನನಗ ಇಲ್ಲೆ ಥಂಡಿ ಹತ್ತೇದ," ಎಂದಳು ಕುಮುದ. ಉಸು ಎಂದರೆ ಕಬ್ಬು. ಊರಿನ ಮರಾಠಿ ಮಾತು ಅವಳ ಬಾಯಲ್ಲಿ ಹೀಗೇ ಬೆರೆತುಹೋಗಿತ್ತು.

ಕಬ್ಬಿನ ಗಾಣದ ಬದಿಯ ಬೆಂಚಿನ ಮೇಲೆ, ಗೋಣಿಚೀಲದ ನೆರಳಲ್ಲಿ, ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ಕೂತರು. ಗಾಣಕ್ಕೆ ಕಟ್ಟಿದ ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು. ಕುಮುದ ಗ್ಲಾಸಿನ ನೊರೆಯನ್ನು ಊದಿದಳು. ಕೇಳುವುದಾದರೆ ಈಗಲೇ ಕೇಳಬೇಕು, ಮನೆಗೆ ಹೋದಮೇಲೆ ಗೋಡೆಗಳು ಕೇಳಗೊಡುವುದಿಲ್ಲ ಎಂದು ಮಂದಾಳಿಗೆ ಅನಿಸಿತು.

"ನಾ ಬಾಜೂಕ ಮಲಗಿದ್ರ ನಿಮಗ ತ್ರಾಸ ಆಗ್ತದೇನು, ವೈನಿ?"

ಕುಮುದ ಕೂಡಲೇ ಇಲ್ಲ ಅನ್ನಲಿಲ್ಲ. ಆ ತಡದಲ್ಲೇ ಮಂದಾಳಿಗೆ ಉತ್ತರ ಸಿಕ್ಕಿತು. ಆದರೂ ಕುಮುದ ಹೇಳಿದಳು. "ಹೋಳಿ ಮುಗೀತು ಅಂದ್ರ ನನಗ ಎದಿ ಧಸಕ್ ಅಂತದ ನೋಡು. ಮಳಿ ಬರೂತನಾ ನಾ ನಿದ್ದಿನ ಮಾಡಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಹಿಂಗ. ತವರುಮನ್ಯಾಗ ಅಕ್ಕತಂಗ್ಯಾರೆಲ್ಲಾ ಒಂದ ಹಾಸಿಗಿ, ಯಾರದರ ಕಾಲು ನನ್ನ ಹೊಟ್ಟಿ ಮ್ಯಾಲೆ ಇದ್ದ ಇರ್ತಿತ್ತು. ಲಗ್ನ ಆದಮ್ಯಾಲೆ ನಿಮ್ಮಣ್ಣ. ಅವರ ಗೊರಕಿ, ಅವರ ಕೆಮ್ಮು, ಕಡೀಕ ಅವರ ಬ್ಯಾನಿ." ಅವಳು ಒಂದು ಗುಟುಕು ಕುಡಿದಳು. "ಹೇಳಬಾರದು, ಮಂದಾ. ಅವರು ಹೋದ ಮ್ಯಾಲೆ ಮೊದಲ ಸಲ ಖೋಲ್ಯಾಗ ಒಬ್ಬಾಕಿನ ಮಲಗಿದೆ. ಎಷ್ಟ ಛಲೋ ನಿದ್ದಿ ಬಂತು ಅಂತೀ. ಮುಂಜಾನೆ ಎದ್ದು ನಾಚಿಕಿ ಬಂದು ಅತ್ತೆ. ಮಂದಿ ಅವರ ಸಲುವಾಗಿ ಅಳ್ತಾಳ ಅಂದ್ಕೊಂಡ್ರು."

ಮಂದಾಳ ಗಂಟಲಿನವರೆಗೆ ಒಂದು ಮಾತು ಬಂತು. ನನಗೂ ಹಾಗೇ ಆಯಿತು, ನಿಮ್ಮ ಪಕ್ಕ ಮಲಗಿದ ಮೊದಲ ದಿನ ನನಗೂ ಅಂಥ ನಿದ್ದೆ ಬಂತು, ನನಗೂ ನಾಚಿಕೆಯಾಯಿತು. ಒಬ್ಬನೇ ಮನುಷ್ಯನ ಸಾವಿನಿಂದ ಇಬ್ಬರಿಗೂ ನಿದ್ದೆ ಸಿಕ್ಕಿತ್ತು. ಆದರೆ ಒಬ್ಬಳದು ಇನ್ನೊಬ್ಬಳದನ್ನು ತಿನ್ನುವಂಥದು. ಆ ಮಾತನ್ನು ಹೇಗೆ ಹೇಳುವುದು? ಅವಳು ಗ್ಲಾಸಿನ ಅಂಚು ಒರೆಸಿದಳು.

"ಯಾಕ ಕರದ್ರಿ ಮತ್ತ ನನ್ನ? ಹೊರಗ ಬಂದು ಮಲಗು ಅಂತ?"

"ಉರಿಯಾಗ ಸಾಯಲಿ ಅಂತ ಬಿಡಬೇಕಿತ್ತೇನು ನಿನ್ನ?" ಕುಮುದ ಅವಳ ಕಡೆ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ, ಬಹಳ ಮೆಲ್ಲಗೆ ಹೇಳಿದಳು. "ನೀ ನನ್ನ ನೋಡ್ಕೋತ ಮಲಗ್ತಿ. ನನಗ ಗೊತ್ತಾಗ್ತದ. ಬೆನ್ನಿಗೂ ಕಣ್ಣಿರ್ತಾವ, ಮಂದಾ. ತಪ್ಪು ಅಂತ ಹೇಳ್ಲಿಕತ್ತಿಲ್ಲ ನಾ. ಆದ್ರ ಯಾರರ ನೋಡ್ತಿದ್ರ ನನಗ ಅಲುಗಾಡಲಿಕ್ಕೂ ಆಗೂದಿಲ್ಲ. ಕೈ ಮರಗಟ್ಟಿದ್ರೂ ಹಂಗ ಬಿದ್ದಿರ್ತೀನಿ. ನೀ ಏಳಬಾರದು ಅಂತ."

ಗೆಜ್ಜೆ ನಿಂತಿತು. ಗಾಣದವನು ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತಿದ್ದ. ಮಂದಾಳಿಗೆ ತನ್ನ ಮೈಮೇಲಿನ ಬಟ್ಟೆಯೆಲ್ಲ ನಡುಬೀದಿಯಲ್ಲಿ ಕಳಚಿಬಿದ್ದ ಹಾಗಾಯಿತು. ಆ ಉಸಿರು, ನಿದ್ದೆಯ ಉಸಿರೆಂದು ತಾನು ಎಣಿಸಿದ್ದು, ಆ ಏರಿಳಿಯುವ ಪಕ್ಕೆ, ಅಷ್ಟು ಬೇಸಿಗೆಗಳು, ಎಲ್ಲ ಎಚ್ಚರವಾಗಿದ್ದ ಒಬ್ಬ ಹೆಂಗಸಿನ ತಾಳ್ಮೆ. ತಾನು ನೆಮ್ಮದಿ ಎಂದುಕೊಂಡು ಕುಡಿದದ್ದು ಇನ್ನೊಬ್ಬಳ ಬಿಗಿಹಿಡಿದ ಮೈಯನ್ನು. ಸಿಟ್ಟು ಬರಬಹುದಿತ್ತು. ಬರಲೆಂದು ಅವಳು ಕಾದಳು. ಬರಲಿಲ್ಲ. ಬದಲಿಗೆ, ಮರಗಟ್ಟಿದ ಆ ಕೈ ಯಾವುದಿರಬಹುದು, ಎಡವೋ ಬಲವೋ ಎಂದು ಯೋಚಿಸತೊಡಗಿದಳು.

"ನಡೀರಿ," ಎಂದು ಎದ್ದಳು. "ಮಧ್ಯಾಹ್ನಕ್ಕ ಅಂಗಡಿ ಮುಚ್ಚೂದರಾಗ ಹೋಗೂಣು."

ಅಂಗಡಿಗೆ ಈ ಸಲ ಅವಳೇ ಮುಂದಾಗಿ ಹೋದಳು. ಲಾಂಜೇವಾರ, "ಏನ್ ಠರಾವ್ ಆತ್ರಿ?" ಎಂದ. "ಒಬ್ಬಾಕಿಗೆ," ಎಂದಳು ಮಂದಾ. "ಸಪ್ಪಳ ಕಡಿಮಿ ಇರೂದು ತೋರಸ್ರಿ. ಗಾಳಿ ಸೀದಾ ಮಂಡಿಗೆ ಬಡೀಬಾರದು." ಒಂದೊಂದನ್ನೂ ಹಾಕಿಸಿ, ಕೆಳಗೆ ನಿಂತು, ಗಾಳಿ ಎಲ್ಲಿ ಬೀಳುತ್ತದೆಂದು ಅಂಗೈ ಹಿಡಿದು ನೋಡಿದಳು. ತನಗಾಗಿ ಆರಿಸುವಾಗ ಇಷ್ಟು ತೀರ್ಮಾನವಾಗಿ ಅವಳು ಎಂದೂ ಮಾತಾಡಿರಲಿಲ್ಲ. ಕುಮುದ ಕುರ್ಚಿಯ ಮೇಲೆ ಕೂತು ಸುಮ್ಮನೆ ನೋಡಿದಳು. ಕೊನೆಗೆ, "ಎರಡು ತಗೊಳ್ಳೂಣು, ನಿನ್ನ ಖೋಲಿಗೂ ಒಂದು," ಎಂದಳು. ಆ ಮಾತಿನಲ್ಲಿ ಬೆಂಚಿನ ಮೇಲೆ ಆಡಿದ್ದನ್ನು ಮುಚ್ಚುವ ಆತುರವಿತ್ತು.

"ನನಗ ಕೂಲರ ಇರಲಿ. ಸಪ್ಪಳ ಇಲ್ಲದ ನನಗ ನಿದ್ದಿ ಬರೂದಿಲ್ಲ."

ಮೆಟ್ಟಿಲ ಕೆಳಗಿನ ಕೂಲರುಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡುವುದನ್ನು ಅವಳು ಆರಿಸಿಕೊಂಡಳು. ಲಾಂಜೇವಾರನಿಗೆ ಅದರ ಅರ್ಥವೇ ಆಗಲಿಲ್ಲ.

ಎಸಿ ಕೂಡಿಸುವವರು ಬಂದ ದಿನ ಗೋಡೆ ಕೊರೆಯುವ ಸದ್ದಿಗೆ ಪಕ್ಕದ ಮನೆಯ ಘಾಟೋಳೆ ಬಾಯಿ ತನ್ನ ಕಿಟಕಿಯಿಂದ ಇಣುಕಿ, "ಮಂದಾತಾಯಿ, ನಿಮ್ಮ ಮನೀನೂ ಸಿಮ್ಲಾ ಆತು ಬಿಡ್ರಿ. ನಾವಿನ್ನ ಇಲ್ಲೆ ಪಾಪಡದಂಗ ಸುಟಗೋತೀವಿ," ಎಂದು ಚಾಷ್ಟಿ ಮಾಡಿದಳು. ಹೊರಗಿನ ಪೆಟ್ಟಿಗೆಯನ್ನು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ, ಆಳೆತ್ತರದಲ್ಲಿ ಕೂರಿಸಿದರು. ಕೆಂಪು ಇಟ್ಟಿಗೆಯ ಪುಡಿಯನ್ನು ಮಂದಾಳೇ ಗುಡಿಸಿದಳು. ಕುಮುದಳ ಮಂಚವನ್ನು ಗಾಳಿ ನೇರವಾಗಿ ಬೀಳದ ಗೋಡೆಗೆ ಸರಿಸಿ ಕೊಟ್ಟಳು. ಆ ಮಧ್ಯಾಹ್ನ ಬಾಗಿಲು ಮುಚ್ಚಿತು. ಕೆಳಗಿನ ಸಂದಿಯಿಂದ ತಂಪು ಹೋಗಬಾರದೆಂದು ಕುಮುದ ಒಳಗಿನಿಂದ ಹಳೆಯ ಸೀರೆಯೊಂದನ್ನು ಸುತ್ತಿ ತುರುಕಿದ್ದು ಪಡಸಾಲೆಯಲ್ಲಿ ಕೂತ ಮಂದಾಳಿಗೆ ಕಂಡಿತು: ಬಾಗಿಲಿನಡಿಯ ಬೆಳಕಿನ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಅಳಿಸಿಹೋಯಿತು.

ಶಾಲೆಗೆ ರಜೆ ಬಂತು. ಮೇ ತಿಂಗಳ ಮಧ್ಯಾಹ್ನಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. ಓಣಿಯಲ್ಲಿ ನಾಯಿಗಳೂ ಕಾಣುತ್ತಿರಲಿಲ್ಲ. ಮಂದಾ ಪಡಸಾಲೆಯಲ್ಲಿ ಒಂದೇ ಗಾದಿ ಹಾಸಿ, ಹೊಸ ಕೂಲರಿನ ಭೋರ್ಗರೆತದಲ್ಲಿ ಮಲಗುತ್ತಿದ್ದಳು. ಮೊದಮೊದಲು ಗೋಡೆಗೆ ಮುಖ ಮಾಡಿ, ಆಮೇಲೆ ಬೋರಲಾಗಿ. ನಿದ್ದೆ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಕುಮುದಳ ಕಣ್ಣಡಿಯ ಕಪ್ಪು ದಿನದಿನಕ್ಕೆ ತಿಳಿಯಾಗುತ್ತ ಹೋಗುವುದನ್ನು ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ನೆನಪಾದೊಡನೆ ತಟ್ಟೆಗೆ ಕಣ್ಣು ಇಳಿಸುತ್ತಿದ್ದಳು. ಇಬ್ಬರ ಮಾತೂ ಈಗ ಮೊದಲಿಗಿಂತ ಹೆಚ್ಚಾಗಿತ್ತು, ನಗುವೂ ಇತ್ತು. ಸಾಲ ತೀರಿಸಿದ ಮೇಲೆ ಪರಿಚಿತರು ನಗುವಂಥ ನಗು.

ಒಂದು ದಿನ ಚಹದ ಹೊತ್ತು ಮೀರಿದರೂ ಕುಮುದ ಹೊರಗೆ ಬರಲಿಲ್ಲ. ಮಂದಾ ಚಹ ಸೋಸಿ, ಕಪ್ಪು ಹಿಡಿದು ಬಾಗಿಲ ಮುಂದೆ ನಿಂತಳು. ಕರೆದರೆ ದನಿ ಕೂಲರಿನ ಸಪ್ಪಳದಲ್ಲಿ ಮುಳುಗಿತು. ಬಾಗಿಲನ್ನು ಮೊಣಕೈಯಿಂದ ನೂಕಿದಳು. ಒಳಗೆ ಕತ್ತಲೆ, ತಂಪು, ಬಾವಿಯೊಳಗಿನ ಹಾಗೆ. ಕುಮುದ ಮಂಚದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಬಿದ್ದಿದ್ದಳು. ಒಂದು ತೋಳು ತಲೆಯ ಮೇಲೆ, ಇನ್ನೊಂದು ಮಂಚದಿಂದಾಚೆ ತೂಗಿಬಿದ್ದಿತ್ತು. ಸೀರೆ ಮಂಡಿಯ ಮೇಲಕ್ಕೆ ಸರಿದಿತ್ತು. ಬಾಯಿ ತೆರೆದಿತ್ತು, ಗೊರಕೆಯ ಸಣ್ಣ ಸಿಳ್ಳೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಮಂದಾ ಈ ಹೆಂಗಸನ್ನು ಎಂದೂ ನೋಡಿರಲಿಲ್ಲ. ಇವಳ ಚಿತ್ರ ಬರೆಯಬೇಕಾದರೆ ಕಾಗದ ಸಾಲುವುದಿಲ್ಲ, ಎಲ್ಲ ಕಡೆಯೂ ಅಂಚು ದಾಟಿ ಹೋಗುತ್ತಾಳೆ ಎಂದು ಅನಿಸಿತು. ಕೈಯಲ್ಲಿಯ ಚಹದ ಹಬೆ ಆ ತಂಪಿನಲ್ಲಿ ದಟ್ಟವಾಗಿ ಏಳುತ್ತಿತ್ತು. ತನ್ನ ಕೊರಳಿನ ಬೆವರು ತಣ್ಣಗೆ ಆರುವುದು ಅವಳಿಗೆ ತಿಳಿಯುತ್ತಿತ್ತು. ಇನ್ನೊಂದು ಕ್ಷಣ ನಿಂತರೆ ಆ ಮೈಗೆ ಗೊತ್ತಾಗುತ್ತದೆ. ಅವಳು ಹಿಂದೆ ಸರಿದು, ಚಿಲುಕ ಸದ್ದಾಗದಂತೆ ಬೆರಳಿಟ್ಟು, ಬಾಗಿಲು ಎಳೆದುಕೊಂಡಳು.

ಪಡಸಾಲೆಯಲ್ಲಿ ಕೂರಲಾಗಲಿಲ್ಲ. ಚಹವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಹೋದಳು. ಫರಸಿ ಕಾದ ಹೆಂಚಾಗಿತ್ತು. ಚಪ್ಪಲಿಯ ಅಡಿ ಅಂಟುತ್ತಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯ ಪಂಖ ತಿರುಗುತ್ತ, ಒಳಗಿನ ಬಿಸಿಯನ್ನೆಲ್ಲ ಹೊರಗೆ ಉಗುಳುತ್ತಿತ್ತು. ದಾಟಿ ಹೋಗುವಾಗ ಆ ಗಾಳಿ ಅವಳ ಮುಖಕ್ಕೆ ಬಡಿಯಿತು. ಅವಳು ನಿಂತಳು. ಊರಿನ ಉರಿಗಾಳಿಯಂತಿರಲಿಲ್ಲ ಅದು. ಮುಚ್ಚಿದ ಖೋಲಿಯಿಂದ, ಮಲಗಿದ ಮೈಯಿಂದ, ಬೇಡವೆಂದು ತೆಗೆದುಹಾಕಿದ ಬಿಸಿ. ಮಂದಾ ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಕಣ್ಣು ಮುಚ್ಚಿಕೊಂಡಳು. ಗಾಳಿ ಅವಳ ಕೂದಲನ್ನು ಹಿಂದಕ್ಕೆ ತಳ್ಳಿತು, ಸೆರಗನ್ನು ಎದೆಗೆ ಒತ್ತಿ ಹಿಡಿಯಿತು.

"ಮಂದಾತಾಯಿ, ಈ ಉರಿಯಾಗ ಅಲ್ಲೇನ ಮಾಡ್ತೀರಿ? ಬಿಸಲು ಬಡದೀತು." ಘಾಟೋಳೆ ಬಾಯಿ ಕಿಟಕಿಯಲ್ಲಿ ನಿಂತಿದ್ದಳು.

"ಅರಿವಿ ಒಣಗ್ಯಾವೇನಂತ ನೋಡ್ಲಿಕ್ಕೆ ಬಂದೆ," ಎಂದಳು ಮಂದಾ.

ಘಾಟೋಳೆ ಬಾಯಿ ಹಿತ್ತಲಿನ ತಂತಿಯ ಕಡೆ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಅದು ಖಾಲಿಯಾಗಿತ್ತು. ಆಮೇಲೆ ಮಂದಾಳ ಮುಖ ನೋಡಿದಳು.

"ಒಣಗಿರ್ತಾವ ಬಿಡ್ರಿ," ಎಂದು ಹೇಳಿ, ತನ್ನ ಕಿಟಕಿಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿಕೊಂಡಳು.